ಗುಡ್ಡದ ಅಂಚು
ಕೋಲಾರದ ಸುಗಟೂರಿನ ಕಡೆ ಕೆರೆ ಏರಿಯ ಮೇಲೆ ನಿಂತು ಮೊಬೈಲಿನಲ್ಲಿ ತೆಗೆದ ಫೋಟೊ ಎಲ್ಲವನ್ನೂ ಹಿಡಿದಿತ್ತು: ಕರೆಂಟು ಕಂಬ, ಜಾಲಿ ಪೊದೆ, ನೀಲಗಿರಿ ತೋಪು, ದೂರದ ಬಂಡೆಗುಡ್ಡ. ಅದನ್ನು ಸರಳ ಚಿತ್ರವಾಗಿಸುವ ಮೊದಲು ಕಣ್ಣು ಕಿರಿದಾಗಿಸಿ ನೋಡಬೇಕು. ಎಲೆ, ತಂತಿ, ಬಿರುಕುಗಳೆಲ್ಲ ಕರಗಿ ಮೂರೇ ಛಾಯೆ ಉಳಿಯುತ್ತವೆ. ಏರಿ ಗಾಢ, ತೋಪು ಅದಕ್ಕಿಂತ ತಿಳಿ, ಗುಡ್ಡ ತೆಳುನೀಲಿ. ನಡುವಿನ ಗಾಳಿ ಬೆಳಕನ್ನು ಚದುರಿಸುವುದರಿಂದ ದೂರದ್ದು ಹಾಗೆ ಮಾಸುತ್ತದೆ. ಆದರೆ ಕೋಲಾರದ ಗುಡ್ಡಕ್ಕೆ ಮಲೆನಾಡಿನ ನುಣುಪು ಇಳಿಜಾರು ಬರೆದರೆ ನನಗೆ ಸಂಕಟವಾಗುತ್ತದೆ. ಗುಂಡುಕಲ್ಲುಗಳು ಒಂದರ ಮೇಲೊಂದು ಕೂತ ಆ ಮುರುಕು ಅಂಚು ಬೇಕೇಬೇಕು. ಕಲಾವಿದ ಕೆ.ಕೆ. ಹೆಬ್ಬಾರರ ರೇಖಾಚಿತ್ರಗಳಲ್ಲಿ ಕೆಲವೇ ಗೆರೆಗಳು ಕುಣಿಯುವ ಮೈಯನ್ನೇ ಹಿಡಿಯುತ್ತವೆ. ನಾನೋ, ಗುಡ್ಡದ ಆ ಅಂಚನ್ನು ಒಂದೇ ಗೆರೆಯಲ್ಲಿ ತರಲು ಏಳು ಹಾಳೆ ಹರಿದೆ. ಕಂಬಗಳನ್ನು ಬಿಟ್ಟೆ, ಏರಿಯ ತುದಿಯ ಹುಣಸೆಮರವನ್ನು ಉಳಿಸಿಕೊಂಡೆ.