ಗ್ರಾಮಸಭೆ ಎಂದರೆ ಸಹಿ ಪುಸ್ತಕವಲ್ಲ

ಪುಣೆ–ಬೆಂಗಳೂರು ಹೆದ್ದಾರಿಯ ಮಗ್ಗುಲಲ್ಲಿರುವ ಹುಕ್ಕೇರಿ ತಾಲೂಕಿನ ಕಣಗಲಾದಲ್ಲಿ ಹೊಲಗಳೂ ಇವೆ, ಕೈಗಾರಿಕಾ ಪ್ರದೇಶವೂ ಇದೆ. ಇಂಥ ಊರಿನ ನೀರು, ನೆಲ, ತ್ಯಾಜ್ಯಗಳ ಪ್ರಶ್ನೆ ದೂರದ ಕಚೇರಿಯಲ್ಲಿ ತೀರ್ಮಾನವಾಗತಕ್ಕದ್ದಲ್ಲ. ಊರು ಕೂಡಿ ಚರ್ಚಿಸತಕ್ಕದ್ದು. ಗುಡಿಯ ಕಟ್ಟೆಯಲ್ಲಿ, ಚಹಾದಂಗಡಿಯಲ್ಲಿ ಆಡಿದ ಮಾತು ಅಲ್ಲಿಯೇ ಕರಗಿಹೋಗುತ್ತದೆ.

ಚರ್ಚೆಗೆ ಹೊಸ ವೇದಿಕೆ ಬೇಕಿಲ್ಲ. 1993ರ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆಯಲ್ಲಿಯೇ ಅದು ಇದೆ. ಎರಡು ಗ್ರಾಮಸಭೆಗಳ ನಡುವೆ ಆರು ತಿಂಗಳು ಮೀರಬಾರದು. ಮತದಾರರ ಹತ್ತರಲ್ಲೊಂದು ಭಾಗ ಇಲ್ಲವೇ 100 ಮಂದಿ, ಯಾವುದು ಕಡಿಮೆಯೋ ಅಷ್ಟು ಜನ ಸೇರಿರಬೇಕು. ಬಂದವರಲ್ಲಿ ಶೇಕಡಾ 30ರಷ್ಟಾದರೂ ಮಹಿಳೆಯರಿರಬೇಕು.

ಆದರೆ ಅನೇಕ ಕಡೆ ನಡೆಯುವುದೇನು? ಫಲಾನುಭವಿಗಳ ಪಟ್ಟಿ ಓದಿ, ಸಹಿ ಪಡೆದು, ಸಭೆ ಮುಗಿಸುವುದು. “ಜನರೇ ಬರುವುದಿಲ್ಲ” ಎಂಬುದು ನೆಪ. ಡಂಗುರ ಸಾರದ, ಆಡಿದ ಮಾತನ್ನು ನಡಾವಳಿಯಲ್ಲಿ ಬರೆಯದ ಸಭೆಗೆ ದುಡಿಯುವ ಜನ ಕೂಲಿ ಬಿಟ್ಟು ಏಕೆ ಬಂದಾರು?

ಒಡಿಶಾದ ನಿಯಮಗಿರಿಯನ್ನು ನೋಡಿರಿ. ಸುಪ್ರೀಂ ಕೋರ್ಟಿನ ತೀರ್ಪಿನಂತೆ 2013ರಲ್ಲಿ ಸೇರಿದ 12 ಗ್ರಾಮಸಭೆಗಳೂ ಬಾಕ್ಸೈಟ್ ಗಣಿಯನ್ನು ತಿರಸ್ಕರಿಸಿದವು. ಮರುವರ್ಷ ಕೇಂದ್ರ ಸರ್ಕಾರವೂ ಅನುಮತಿ ನಿರಾಕರಿಸಿತು. ಅಲ್ಲಿ ಅರಣ್ಯ ಹಕ್ಕು ಕಾಯ್ದೆಯ ಬಲವಿತ್ತು, ನಿಜ. ಆದರೆ ಆ ಬಲ ಫಲಿಸಿದ್ದು ಕಟ್ಟೆಯ ಗೊಣಗಾಟದಿಂದಲ್ಲ, ಸಭೆಯಲ್ಲಿ ದಾಖಲಾದ ನಿರ್ಣಯದಿಂದ.

ಗುಡ್ಡದ ಹಳ್ಳಿಗಳ ಬಂಧುಗಳೇ, ವಿದ್ಯಾರ್ಥಿ ಮಿತ್ರರೇ, ಮುಂದಿನ ಗ್ರಾಮಸಭೆಗೆ ಗುಂಪಾಗಿ ಹೋಗಿರಿ. ಪ್ರಶ್ನೆಗಳನ್ನು ಬರೆದುಕೊಡಿರಿ. ನಡಾವಳಿಯನ್ನು ಓದಿಸಿ ಕೇಳಿದ ಮೇಲೆಯೇ ಸಹಿ ಮಾಡಿರಿ.