ವಿಚಾರಣೆಯೋ, ಚಾಡಿಯೋ?

ಕೆಲಸ ಕೇಳಿಕೊಂಡು ಅಂಗಡಿಗೆ ಬಂದವನ ಪೂರ್ವಾಪರವನ್ನು ಮಾಲೀಕನಾದವನು ವಿಚಾರಿಸಬೇಕೇ, ಬೇಡವೇ ಎಂಬುದರಲ್ಲಿ ನನಗೆ ಸಂದೇಹವಿಲ್ಲ. ವಿಚಾರಿಸಲೇಬೇಕು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಪೇಟೆಗಳಲ್ಲಿ ನಮ್ಮಂಥವರದು ಬಹುಮಟ್ಟಿಗೆ ಮೂರು ನಾಲ್ಕು ಜನರ ದುಡಿಮೆಯ ಮೇಲೆ ನಿಂತ ವ್ಯವಹಾರ. ಅಡಿಕೆ ವಖಾರಿಯ ಬೀಗದ ಕೈ ಒಬ್ಬ ರೈಟರನ ಬಳಿ ಇರುತ್ತದೆ, ಹಣದ ಪೆಟ್ಟಿಗೆ ಒಬ್ಬ ಗುಮಾಸ್ತನ ಎದುರಿಗಿರುತ್ತದೆ. ಒಂದು ಚೀಲ ರಾಶಿ ಅಡಿಕೆಯೆಂದರೆ ಹತ್ತಾರು ಸಾವಿರ ರೂಪಾಯಿ. ದೊಡ್ಡ ಕಂಪನಿಯು ನೌಕರನ ವಂಚನೆಯನ್ನು ಲೆಕ್ಕಪತ್ರದ ಒಂದು ಸಾಲಿನಲ್ಲಿ ಬರೆದು ಮುಂದೆ ಸಾಗೀತು. ಸಣ್ಣ ಅಂಗಡಿ ಅಂಥದೊಂದೇ ಪೆಟ್ಟಿಗೆ ಬಾಗಿಲು ಮುಚ್ಚಬಹುದು. ಆದಕಾರಣ ವಿಚಾರಣೆಯನ್ನೇ ಅಧರ್ಮವೆನ್ನುವ ಉದಾರಿಗಳ ಗುಂಪಿಗೆ ನಾನು ಸೇರಿದವನಲ್ಲ.

ನನ್ನ ತಕರಾರು ಬೇರೆ. ನಾವು ವಿಚಾರಣೆಯೆಂದು ಕರೆಯುತ್ತಿರುವುದು ವಿಚಾರಣೆಯೇ ಅಲ್ಲ. ಇತ್ತೀಚೆಗೆ ನಮ್ಮ ವ್ಯಾಪಾರಿ ಮಿತ್ರರಲ್ಲಿ ಕೆಲವರು ಒಂದು ಸಲಹೆಯನ್ನು ಮುಂದಿಟ್ಟಿದ್ದಾರೆ. ಮೂರೂ ತಾಲೂಕುಗಳ ಅಂಗಡಿಕಾರರು ಒಂದಾಗಿ, ನಂಬಿಕೆಗೆ ಅರ್ಹರಲ್ಲದ ನೌಕರರ ಹೆಸರು ಮತ್ತು ಭಾವಚಿತ್ರಗಳ ಪಟ್ಟಿಯೊಂದನ್ನು ವಾಟ್ಸಾಪಿನಲ್ಲಿ ಹಂಚಿಕೊಳ್ಳಬೇಕಂತೆ. ಅರ್ಹತೆಯನ್ನು ನಿರ್ಣಯಿಸುವವರು ಯಾರು? ಕೆಲಸದಿಂದ ತೆಗೆದ ಮಾಲೀಕನೇ. ಅಂದರೆ ಫಿರ್ಯಾದಿಯೂ ಅವನೇ, ನ್ಯಾಯಾಧೀಶನೂ ಅವನೇ. ಪಟ್ಟಿಯಲ್ಲಿ ಹೆಸರು ಬಿದ್ದವನಿಗೆ ತನ್ನ ಮೇಲಿನ ಆರೋಪವೇನೆಂಬುದೂ ತಿಳಿಯುವುದಿಲ್ಲ. ಯಾರೂ ಕೆಲಸ ಕೊಡುತ್ತಿಲ್ಲವೆಂಬುದು ಮಾತ್ರ ತಿಳಿಯುತ್ತದೆ.

ಪಟ್ಟಿಯಿಲ್ಲದೆಯೂ ಈಗ ನಡೆಯುತ್ತಿರುವುದು ಬಹುಶಃ ಇದೇ. ಹುಡುಗನೊಬ್ಬ ಬಂದರೆ ನಾವು ಮೊದಲು ಕೇಳುವುದು ಅವನಿಗೆ ತೂಕ ಬರುತ್ತದೆಯೇ, ಕೀರ್ದಿ ಬರೆಯಬಲ್ಲನೇ ಎಂದಲ್ಲ. ಯಾವ ಊರು, ಯಾವ ಜನ ಎಂದು. ಯಲ್ಲಾಪುರದ ಕಾಡಂಚಿನಿಂದ ಬಂದ ಸಿದ್ದಿ ಯುವಕನಾದರೆ ಆ ಪ್ರಶ್ನೆಯನ್ನೂ ಕೇಳದೆ ಅವನನ್ನು ಚೀಲ ಹೊರುವುದಕ್ಕೆ ಕಳುಹಿಸುತ್ತೇವೆ, ಲೆಕ್ಕದ ಮೇಜಿಗೆ ಕರೆಯುವುದಿಲ್ಲ. ಹುಟ್ಟನ್ನು ನೋಡಿ ಅಪರಾಧವನ್ನು ಊಹಿಸುವ ಬುದ್ಧಿಯನ್ನು ಬ್ರಿಟಿಷರು 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆ ಎಂಬ ಹೆಸರಿನಲ್ಲಿ ಶಾಸನವನ್ನಾಗಿಯೇ ಮಾಡಿದ್ದರು. ಸ್ವತಂತ್ರ ಭಾರತ ಅದನ್ನು 1952ರಲ್ಲಿ ರದ್ದುಪಡಿಸಿತು. ನಮ್ಮ ಗಲ್ಲೆಯ ಮೇಲೆ ಅದು ಇನ್ನೂ ಜಾರಿಯಲ್ಲಿದೆ.

ಎರಡನೆಯದು ದೂರವಾಣಿ. ಹಿಂದಿನ ಮಾಲೀಕನಿಗೆ ಗುಟ್ಟಾಗಿ ಕರೆ ಮಾಡುತ್ತೇವೆ. ಆತನ ಉತ್ತರ ಮೂರು ಶಬ್ದಗಳಲ್ಲಿ ಮುಗಿಯುತ್ತದೆ: “ಅಡ್ಡಿಯಿಲ್ಲ, ಸ್ವಲ್ಪ ನೋಡಿಕೊಳ್ಳಿ.” ಏನನ್ನು ನೋಡಿಕೊಳ್ಳಬೇಕು? ಹೇಳುವವನು ಹೇಳುವುದಿಲ್ಲ, ಕೇಳುವವನು ಕೇಳುವುದಿಲ್ಲ. ಅಷ್ಟಕ್ಕೇ ಒಂದು ಮನೆಯ ಒಲೆ ಆರಬಹುದು.

ಇದನ್ನು ಪರರ ದೋಷವೆಂದು ನಾನು ಬರೆಯುತ್ತಿಲ್ಲ. ಸುಮಾರು ಹದಿನೈದು ವರ್ಷಗಳ ಹಿಂದೆ ನನ್ನ ವಖಾರಿಯಲ್ಲಿ ವರ್ಷಾಂತ್ಯದ ದಾಸ್ತಾನು ನೋಡುವಾಗ ಚಾಲಿ ಅಡಿಕೆಯಲ್ಲಿ ಒಂದೂವರೆ ಕ್ವಿಂಟಲಿನಷ್ಟು ಕೊರತೆ ಕಂಡಿತು. ಬೀಗದ ಕೈ ಇದ್ದುದು ರೈಟರ್ ಹುಡುಗನ ಬಳಿ. ನಾನು ಅವನನ್ನು ಕಳ್ಳನೆನ್ನಲಿಲ್ಲ, ಪೊಲೀಸರಿಗೂ ದೂರು ಕೊಡಲಿಲ್ಲ, ನಯವಾಗಿಯೇ ಬಿಡಿಸಿದೆ. ಆಮೇಲೆ ಸಿದ್ದಾಪುರದಿಂದ ಒಬ್ಬರು, ಯಲ್ಲಾಪುರದಿಂದ ಇನ್ನೊಬ್ಬರು ಫೋನು ಮಾಡಿ ಕೇಳಿದಾಗ ಮೇಲೆ ಹೇಳಿದ ಮೂರು ಶಬ್ದಗಳನ್ನೇ ಆಡಿದೆ. ಇಬ್ಬರೂ ಅವನನ್ನು ತೆಗೆದುಕೊಳ್ಳಲಿಲ್ಲ. ಲೆಕ್ಕ ಪರಿಶೋಧನೆಯ ಸಮಯದಲ್ಲಿ ನಿಜ ತಿಳಿಯಿತು. ಹುಬ್ಬಳ್ಳಿಗೆ ರವಾನೆಯಾದ ಎರಡು ಚೀಲಗಳ ನಮೂದು ಬೇರೊಂದು ಖಾತೆಗೆ ಬಿದ್ದಿತ್ತು; ಉಳಿದದ್ದು ಹಸಿಯಾಗಿ ಕೊಂಡ ಮಾಲು ಒಣಗಿ ಇಳಿದ ತೂಕ. ಆ ತಪ್ಪು ನಮೂದು ನನ್ನದೇ ಕೈಬರಹದಲ್ಲಿತ್ತು. ಬಿ.ಕಾಂ. ಓದಿದವನ ಕೈಬರಹ! ಆ ಇಬ್ಬರಿಗೂ ಮರಳಿ ಫೋನು ಮಾಡಿದೆ, ಆದರೆ ಅವರಲ್ಲಿ ಆಗಲೇ ಬೇರೆಯವರು ಸೇರಿದ್ದರು. ಹುಡುಗ ಊರು ಬಿಟ್ಟಿದ್ದ.

ಆ ದಿನದಿಂದ ಸತ್ಯಾಣುವ್ರತದ ಅತಿಚಾರಗಳನ್ನು ಓದುವಾಗ ನನಗೆ ದೂರವಾಣಿಯ ನೆನಪಾಗುತ್ತದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ರಹೋಭ್ಯಾಖ್ಯಾನವನ್ನೂ ಪೈಶುನ್ಯವನ್ನೂ ಕೂಟಲೇಖದ, ಅಂದರೆ ಸುಳ್ಳು ಪತ್ರದ, ಜೊತೆಯಲ್ಲಿಯೇ ಎಣಿಸಿದ್ದಾರೆ. ಒಬ್ಬರ ಗುಟ್ಟನ್ನು ಹೊರಗೆಡಹುವುದು, ಚಾಡಿ ಹೇಳುವುದು, ಖೊಟ್ಟಿ ಕಾಗದ ಬರೆಯುವುದು ಮೂರೂ ಒಂದೇ ಪಂಕ್ತಿಯವು. ನಾವಾದರೋ ಮೂರನೆಯದನ್ನು ಅಪರಾಧವೆಂದೂ ಮೊದಲೆರಡನ್ನು ವ್ಯವಹಾರ ಜಾಣ್ಮೆಯೆಂದೂ ವಿಂಗಡಿಸಿಕೊಂಡಿದ್ದೇವೆ. (ಸಂಬಂಧಿಕರ ಮಗನಿಗೆ ಕೊಡುವ ಸುಳ್ಳು ಅನುಭವ ಪತ್ರವನ್ನು ಮಾತ್ರ ಉಪಕಾರವೆನ್ನುತ್ತೇವೆ.) ತತ್ತ್ವಾರ್ಥಸೂತ್ರ ಅಹಿಂಸಾಣುವ್ರತದ ಅತಿಚಾರಗಳಲ್ಲಿ ಅನ್ನಪಾನನಿರೋಧವನ್ನು ಹೇಳುತ್ತದೆ. ಕಟ್ಟಿಹಾಕಿದ ಪಶುವಿಗೆ ಮೇವು ನೀರು ತಡೆಯುವುದು ಅದರ ಪ್ರಸಿದ್ಧ ಉದಾಹರಣೆ. ಮೂರು ಪೇಟೆಗಳ ಬಾಗಿಲುಗಳನ್ನು ಒಂದು ಕರೆಯಿಂದ ಮುಚ್ಚಿಸುವುದಕ್ಕೆ ಬೇರೆ ಯಾವ ಹೆಸರಿದೆಯೋ ವಾಚಕರೇ ಹೇಳಲಿ.

ಇಲ್ಲಿ ಕೆಲವರು ಉಪಗೂಹನವನ್ನು ಎತ್ತಿ, ಹಾಗಾದರೆ ಎಲ್ಲರ ದೋಷವನ್ನೂ ಮುಚ್ಚಿ ಕಳ್ಳನಿಗೇ ಕೀಲಿ ಕೊಡೋಣವೇ ಎಂದು ಕೇಳುತ್ತಾರೆ. ಜಿನೇಂದ್ರಭಕ್ತ ಶ್ರೇಷ್ಠಿಯ ಕಥೆಯನ್ನು ಅವರು ಪೂರ್ತಿ ಓದಿಲ್ಲ. ಕ್ಷುಲ್ಲಕನ ವೇಷದಲ್ಲಿ ಬಂದ ಕಳ್ಳನನ್ನು ಶ್ರೇಷ್ಠಿ ವೇಷ ನೋಡಿಯೇ ನಂಬಿ, ತಾನು ಪ್ರಯಾಣ ಹೊರಟಾಗ ಜಿನಬಿಂಬದ ರತ್ನವನ್ನು ಕಾಯಲು ಬಿಟ್ಟ. ರತ್ನ ಹೋಯಿತು. ಕಾವಲಿನವರು ಅಟ್ಟಿಸಿಕೊಂಡು ಬಂದಾಗ, ಧರ್ಮಕ್ಕೆ ಅಪವಾದ ಬರಬಾರದೆಂದು ಅವರ ಮುಂದೆ ಅವನನ್ನು ರಕ್ಷಿಸಿದ. ಅನಂತರ ಏಕಾಂತದಲ್ಲಿ ಬೈದು ಹೊರಗಟ್ಟಿದ. ಕೀಲಿಯನ್ನು ಮತ್ತೆ ಕೊಡಲಿಲ್ಲ, ಊರೂರಿಗೆ ಅವನ ಚಿತ್ರವನ್ನೂ ಕಳುಹಿಸಲಿಲ್ಲ. ವ್ಯಾಪಾರಿಯಾದ ನನಗೆ ಕಥೆಯ ಮೊದಲ ಭಾಗವೂ ಮುಖ್ಯವೆನಿಸುತ್ತದೆ: ವೇಷ ನೋಡಿ ಕೀಲಿ ಕೊಟ್ಟದ್ದು ಶ್ರೇಷ್ಠಿಯ ತಪ್ಪೇ. ಇಂದು ‘ನಮ್ಮವನು’ ಎಂಬುದೂ ಒಂದು ವೇಷ. ಜಾತಿ, ನೆಂಟಸ್ತಿಕೆ ನೋಡಿ ಒಂದು ಪ್ರಶ್ನೆಯನ್ನೂ ಕೇಳದೆ ಗಲ್ಲೆಯಲ್ಲಿ ಕೂರಿಸಿಕೊಂಡವರು ಮೋಸಹೋದದ್ದನ್ನು ನಾನು ಬೇಕಾದಷ್ಟು ಕಂಡಿದ್ದೇನೆ.

ಕಾನೂನೂ ಈ ವಿವೇಕವನ್ನು ಬಲ್ಲದು. 1860ರ ದಂಡಸಂಹಿತೆಯಲ್ಲಿದ್ದು, 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ 356ನೆಯ ಕಲಮಿಗೆ ಬಂದಿರುವ ಮಾನಹಾನಿಯ ನಿಯಮಕ್ಕೆ ಕೆಲವು ವಿನಾಯಿತಿಗಳಿವೆ. ಅವುಗಳಲ್ಲೊಂದರ ದೃಷ್ಟಾಂತದಲ್ಲಿ ಬರುವವನು ಅಂಗಡಿಕಾರನೇ: ತನ್ನ ಹಿತರಕ್ಷಣೆಗಾಗಿ, ಸದ್ಭಾವನೆಯಿಂದ, ತನ್ನ ವ್ಯವಹಾರ ನೋಡಿಕೊಳ್ಳುವವನೊಬ್ಬನಿಗೆ ಇಂಥವನ ಬಗ್ಗೆ ಎಚ್ಚರಿಕೆ ಕೊಟ್ಟರೆ ಅವನಿಗೆ ರಕ್ಷಣೆಯಿದೆ. ಇನ್ನೂರು ಜನರ ವಾಟ್ಸಾಪ್ ಗುಂಪು ಆ ದೃಷ್ಟಾಂತದಲ್ಲಿಲ್ಲ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2017ರಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಅವತಾರ್ ಸಿಂಗ್ ಪ್ರಕರಣದಲ್ಲಿ 2016ರಲ್ಲಿ ಅದೇ ನ್ಯಾಯಾಲಯ, ಹಳೆಯ ಪ್ರಕರಣವನ್ನು ಅಭ್ಯರ್ಥಿ ಮುಚ್ಚಿಟ್ಟಿದ್ದರೂ, ಅದು ಎಳೆಯ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಕ್ಷುಲ್ಲಕ ಸಂಗತಿಯಾಗಿದ್ದರೆ ಮಾಲೀಕನು ತನ್ನ ವಿವೇಚನೆಯಿಂದ ಅದನ್ನು ಅಲಕ್ಷಿಸಬಹುದೆಂದು ಹೇಳಿತು. ಅದು ಸರಕಾರಿ ನೌಕರಿಯ ಪ್ರಕರಣ. ಆದರೆ ಒಮ್ಮೆ ಜಗಳದಲ್ಲಿ ಸಿಕ್ಕಿಕೊಂಡವನನ್ನು ಜನ್ಮವಿಡೀ ಹೊರಗಿಡುವ ಅಂಗಡಿಕಾರನೂ ಕೇಳಬೇಕಾದ ಮಾತು.

ಹಾಗಾದರೆ ಮಾಡುವುದೇನು? ನಾನು ಈಗ ಮಾಡುತ್ತಿರುವುದನ್ನು ಹೇಳುತ್ತೇನೆ. ಬಂದವನಿಗೆ ಮೊದಲೇ ತಿಳಿಸಿ, ಅವನ ಒಪ್ಪಿಗೆ ಪಡೆದು, ಅವನ ಎದುರಿನಲ್ಲಿಯೇ ಹಿಂದಿನ ಮಾಲೀಕರಿಗೆ ಫೋನು ಮಾಡುತ್ತೇನೆ. ಎಷ್ಟು ಕಾಲ ಇದ್ದ, ಏನು ಕೆಲಸ ಮಾಡಿದ, ಹೊರಡುವಾಗ ಲೆಕ್ಕ ಒಪ್ಪಿಸಿದನೇ, ಇಷ್ಟೇ ಪ್ರಶ್ನೆ. ದೋಷ ಹೇಳಿದರೆ ಇವನ ಉತ್ತರವನ್ನೂ ಕೇಳುತ್ತೇನೆ. ಬೀಗದ ಕೈ ಕೊಡುವ ಕೆಲಸವಾದರೆ ಪೊಲೀಸ್ ಪರಿಶೀಲನಾ ಪತ್ರ ತರಲು ಹೇಳುತ್ತೇನೆ. ಸೇವಾ ಸಿಂಧು ಮೂಲಕ ಅದಕ್ಕೆ ಅರ್ಜಿ ಹಾಕಬಹುದು, ಶುಲ್ಕ ನನ್ನದು. ಕೆಲವು ವಾರ ಗಲ್ಲೆಗೆ ಹಚ್ಚದೆ ತೂಕದಲ್ಲಿ, ವಿಂಗಡಣೆಯಲ್ಲಿ ನೋಡುತ್ತೇನೆ. ಎಲ್ಲಕ್ಕಿಂತ ಮಿಗಿಲಾಗಿ, ಪ್ರತಿ ಶನಿವಾರ ನಾನೇ ದಾಸ್ತಾನು ಎಣಿಸುತ್ತೇನೆ. ವರ್ಷಕ್ಕೊಮ್ಮೆ ವಖಾರಿ ನೋಡುವ ಮಾಲೀಕ ಯಾವ ವಿಚಾರಣೆ ಮಾಡಿದರೇನು!

ಇನ್ನೊಂದನ್ನು ಹೇಳದೆ ಬಿಡಲಾರೆ. ಹುಡುಗರು ಓಡಿಹೋಗದಿರಲೆಂದು ಅವರ ಎಸ್ಸೆಸ್ಸೆಲ್ಸಿ ಮೂಲ ಅಂಕಪಟ್ಟಿಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕುವ ಅಂಗಡಿಗಳಿವೆ. ಕೇಳಿದಾಗ ಹಿಂದಿರುಗಿಸದಿದ್ದರೆ ಅದು ನ್ಯಾಸಾಪಹಾರವೇ, ಅದೂ ಸಮಂತಭದ್ರರ ಅದೇ ಪಂಕ್ತಿಯಲ್ಲಿದೆ. ಕರ್ನಾಟಕದ 1961ರ ಅಂಗಡಿಗಳ ಕಾಯ್ದೆ ನೌಕರನಿಗೆ ಲಿಖಿತ ನೇಮಕಾತಿ ಆದೇಶ ಕೊಡಬೇಕೆನ್ನುತ್ತದೆ. ಅವನ ಕಾಗದ ನಮ್ಮಲ್ಲಿ ಉಳಿಯುತ್ತದೆ, ನಾವು ಕೊಡಬೇಕಾದ ಕಾಗದ ಕೊಡುವುದಿಲ್ಲ.

ಇಷ್ಟಾದ ಮೇಲೂ ಪಟ್ಟಿ ಬೇಕೇಬೇಕೆನ್ನುವ ಮಿತ್ರರಲ್ಲಿ ಒಂದು ವಿನಂತಿ. ಅದರಲ್ಲಿ ಇನ್ನೊಂದು ಅಂಕಣವಿರಲಿ: ಸಂಬಳ ಬಾಕಿ ಉಳಿಸಿಕೊಂಡ ಮಾಲೀಕರದು, ಅಂಕಪಟ್ಟಿ ಹಿಡಿದಿಟ್ಟವರದು, ತಮ್ಮ ಲೆಕ್ಕದ ತಪ್ಪನ್ನು ನೌಕರನ ತಲೆಗೆ ಕಟ್ಟಿದವರದು. ಆ ಅಂಕಣದ ಮೊದಲ ಹೆಸರನ್ನು ಬರೆಯಲು ನಾನು ಸಿದ್ಧನಿದ್ದೇನೆ, ಅದು ನನ್ನದೇ.