ಧಣಿಯನ್ನು ಬಿಡಬಹುದು, ದುಡಿದ ತಿಂಗಳನ್ನು ಬಿಡಬಾರದು



ಎಸ್ಟೇಟ್ ಲೈನುಗಳಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳು ಇಂದು ತೋಟದ ಬೇಲಿ ದಾಟಿ ಬಹುದೂರ ಹೋಗುತ್ತಿದ್ದಾರೆ. ನರ್ಸಾಗಿ, ಅಡಿಗೆಯವರಾಗಿ, ವೆಲ್ಡರಾಗಿ, ಲಾರಿ ಡ್ರೈವರಾಗಿ ಕೆನಡಾ ದೇಶವನ್ನು ಸೇರಿದವರೂ ಇದ್ದಾರೆ. ನವೆಂಬರಿನ ಧಾರೂರು ಜಾತ್ರೆಗೆ ಬೀದರ, ಜಹೀರಾಬಾದ್, ನಾರಾಯಣಖೇಡ, ತಾಂಡೂರುಗಳ ಕಡೆಯಿಂದ ಜನ ಬಂದು ಡೇರೆ ಹಾಕಿ ಕೂತಾಗ, ಮಳೆಬೆಳೆಯ ಮಾತಿನ ಜೊತೆಗೆ ಈಗ ಪಿ.ಆರ್. ಮಾತೂ ಬರುತ್ತದೆ. ಪಿ.ಆರ್. ಎಂದರೆ ಆ ದೇಶದಲ್ಲಿ ಖಾಯಂ ಆಗಿ ನೆಲೆಸುವ ಹಕ್ಕು. ತಂದೆತಾಯಿಗಳ ಪ್ರಶ್ನೆ ಒಂದೇ: “ಮಗ ಈಗಿನ ಕೆಲಸ ಬಿಟ್ಟು ಬೇರೆ ಕಡೆ ಸೇರುತ್ತೇನೆನ್ನುತ್ತಾನೆ. ಅರ್ಜಿ ಹಾಕುವ ಮೊದಲೇ ಕೆಲಸ ಬದಲಿಸಿದರೆ ಇಷ್ಟು ದಿನ ದುಡಿದದ್ದು ಹೊಳೆಯಲ್ಲಿ ಹುಣಸೇಹಣ್ಣು ತೊಳೆದಂತಾಗುವುದಿಲ್ಲವೇ?”

ಇದಕ್ಕೆ ನಮ್ಮಲ್ಲಿ ಎರಡು ಬಗೆಯ ಬುದ್ಧಿವಾದ ನಡೆದಿದೆ. “ಧಣಿ ಏನು ಮಾಡಿದರೂ ಪಿ.ಆರ್. ಆಗುವ ತನಕ ಸಹಿಸಿಕೋ” ಎಂಬುದು ಒಂದು. “ಗಂಟೆಗೆ ಎರಡು ಡಾಲರ್ ಹೆಚ್ಚು ಕೊಟ್ಟರೆ ನಾಳೆಯೇ ಹೋಗಿಬಿಡು” ಎಂಬುದು ಇನ್ನೊಂದು. ಇವೆರಡೂ ತಪ್ಪೆಂದು ನಾನು ಹೇಳುತ್ತೇನೆ.

ಮೊದಲನೆಯದರ ಹಿಂದೆ ನಮ್ಮ ಹಳೆಯ ಭಯವಿದೆ. ಮುಂಗಡ ಪಡೆದು, ಮೇಸ್ತ್ರಿಯ ಬೆನ್ನ ಹಿಂದೆ ಕೊಡಗಿನ ಕಾಫಿ ತೋಟಗಳಿಗೆ ಬಂದ ಹಿರಿಯರಿಗೆ ಕೆಲಸ ಬಿಡುವ ಸ್ವಾತಂತ್ರ್ಯ ಎಲ್ಲಿತ್ತು? ಬ್ರಿಟಿಷರ 1859ರ ಕಾಯ್ದೆಯ ಪ್ರಕಾರ, ಮುಂಗಡ ತೆಗೆದುಕೊಂಡು ಕೆಲಸ ಬಿಟ್ಟವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬಹುದಿತ್ತು. ಅವರ ಆಜ್ಞೆಯನ್ನು ಮೀರಿದರೆ ಮೂರು ತಿಂಗಳವರೆಗೆ ಸೆರೆಮನೆ. 1925ರಲ್ಲಿ ಆ ಕಾಯ್ದೆ ರದ್ದಾಯಿತು, ಆದರೆ ಅಂಜಿಕೆ ರಕ್ತದಲ್ಲಿ ಉಳಿಯಿತು. ಮುಂದೆ ಗ್ರಾಚ್ಯುಯಿಟಿ ಬಂದಾಗಲೂ ನಾವು ಕಲಿತ ಪಾಠವೆಂದರೆ, ಖಾಯಂ ಕೆಲಸಗಾರನು ಐದು ವರ್ಷ ತುಂಬುವ ಮುಂಚೆ ತಾನಾಗಿ ತೋಟ ಬಿಟ್ಟರೆ ಆ ಹಣ ಕೈಗೆ ಬರುವುದಿಲ್ಲ ಎಂಬುದು. ಆದ್ದರಿಂದ ಒಂದೇ ಕಡೆ ಕಚ್ಚಿಕೊಂಡಿರುವುದೇ ಜಾಣತನವೆಂದು ನಮಗೆ ತೋರುತ್ತದೆ.

ಕೆನಡಾದ ಲೆಕ್ಕ ಬೇರೆ. ಅಲ್ಲಿ ದುಡಿದ ಅನುಭವದ ಮೇಲೆ ಪಿ.ಆರ್. ಕೇಳುವ ದಾರಿಗೆ ‘ಕೆನಡಿಯನ್ ಎಕ್ಸ್‌ಪೀರಿಯನ್ಸ್ ಕ್ಲಾಸ್’ ಎಂದು ಹೆಸರು. 2008ರಲ್ಲಿ ಅದು ಆರಂಭವಾಯಿತು. ಅರ್ಜಿಯ ಹಿಂದಿನ ಮೂರು ವರ್ಷಗಳೊಳಗೆ, ಸರಿಯಾದ ಪರ್ಮಿಟ್ ಇಟ್ಟುಕೊಂಡು, ಸಂಬಳದ ಕುಶಲ ಕೆಲಸವನ್ನು ಕನಿಷ್ಠ ಒಂದು ವರ್ಷ, ಅಂದರೆ 1,560 ಗಂಟೆ, ಮಾಡಿರಬೇಕು. ಆ ಒಂದು ವರ್ಷ ಒಬ್ಬನೇ ಧಣಿಯ ಕೈಕೆಳಗೆ ಆಗಬೇಕೆಂದಿಲ್ಲ. ಒಂದು ಹೋಟೆಲಿನಲ್ಲಿ ಏಳು ತಿಂಗಳು, ಇನ್ನೊಂದರಲ್ಲಿ ಐದು ತಿಂಗಳು ಅಡಿಗೆ ಮಾಡಿದರೂ ಕೂಡಿ ಹನ್ನೆರಡೇ. ನಡುವೆ ಕೆಲವು ವಾರ ಕೆಲಸವಿಲ್ಲದೆ ಇದ್ದರೂ ಹಿಂದಿನದು ಅಳಿಯುವುದಿಲ್ಲ. ಧಣಿಯು ಕೊಡುವ ಕೆಲಸದ ಭರವಸೆ ಪತ್ರಕ್ಕೆ ಸಿಗುತ್ತಿದ್ದ ಹೆಚ್ಚಿನ ಅಂಕಗಳನ್ನೂ 2025ರ ಮಾರ್ಚ್ 25ರಿಂದ ತೆಗೆದುಹಾಕಿದ್ದಾರೆ. ಹೀಗಿರುವಾಗ “ನನ್ನನ್ನು ಬಿಟ್ಟರೆ ನಿನ್ನ ಪಿ.ಆರ್. ಹೋಯಿತು” ಎಂದು ಬೆದರಿಸುವ ಧಣಿಯ ಮಾತನ್ನು ಕಣ್ಣುಮುಚ್ಚಿ ನಂಬಬೇಕಾಗಿಲ್ಲ. ದುಡಿದ ತಿಂಗಳು ದುಡಿದವನದು.

ಹಾಗೆಂದು ಎರಡನೆಯ ಬುದ್ಧಿವಾದ ಸರಿಯೇ? ಅಲ್ಲ. ಕೆಲಸ ಬದಲಿಸುವುದಕ್ಕೂ ಒಂದು ಕ್ರಮವಿದೆ.

ಮೊದಲನೆಯದು ಪರ್ಮಿಟ್. ಯಾವ ಧಣಿಯ ಹತ್ತಿರ ಬೇಕಾದರೂ ದುಡಿಯಬಹುದಾದ ಪರ್ಮಿಟ್ ಕೆಲವರಿಗಿರುತ್ತದೆ. ಇನ್ನು ಕೆಲವರ ಪರ್ಮಿಟ್ಟಿನಲ್ಲಿ ಒಬ್ಬನೇ ಧಣಿಯ ಹೆಸರು ಬರೆದಿರುತ್ತದೆ. ಅಂಥವರು ಹೊಸ ಜಾಗದ ಅನುಮತಿ ಕೈಸೇರುವ ಮೊದಲು ಅಲ್ಲಿ ದುಡಿಯಲು ಆರಂಭಿಸಿದರೆ, ಆ ಗಂಟೆಗಳು ಲೆಕ್ಕಕ್ಕೆ ಬರುವುದಿಲ್ಲ. ಕಾನೂನು ಮುರಿದ ದೋಷವೂ ತಲೆಗೆ ಬರುತ್ತದೆ. ಮೊದಲು ಅನುಮತಿ, ಆಮೇಲೆ ರಾಜೀನಾಮೆ.

ಎರಡನೆಯದು ಕೆಲಸದ ದರ್ಜೆ. ಆ ಸರಕಾರ ಕೆಲಸಗಳನ್ನು 0ಯಿಂದ 5ರವರೆಗೆ ಆರು ದರ್ಜೆಗಳಾಗಿ ವಿಂಗಡಿಸಿದೆ. ಈ ದಾರಿಗೆ 0ಯಿಂದ 3ರವರೆಗಿನವು ಮಾತ್ರ ಸಲ್ಲುತ್ತವೆ. ಅಡಿಗೆಯವನು, ವೆಲ್ಡರ್, ಲಾರಿ ಡ್ರೈವರ್, ನರ್ಸ್ ಇವರೆಲ್ಲ ಅದರೊಳಗೆ ಬರುತ್ತಾರೆ. ಅಡಿಗೆಮನೆ ಬಿಟ್ಟು, ಸಂಬಳ ತುಸು ಹೆಚ್ಚೆಂದು ಅಂಗಡಿಯ ಕ್ಯಾಷಿಯರ್ ಆದರೆ ಅಲ್ಲಿಂದ ಮುಂದಿನ ತಿಂಗಳುಗಳು ಲೆಕ್ಕದಿಂದ ಹೊರಗೆ. ಓದುತ್ತ ಓದುತ್ತ ಮಾಡಿದ ಕೆಲಸವನ್ನೂ ಪೂರ್ಣಾವಧಿ ವಿದ್ಯಾರ್ಥಿಗಳಿಗೆ ಹಿಡಿಯುವುದಿಲ್ಲ.

ಮೂರನೆಯದು ಕಾಗದ. ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಯಾವ ಹುದ್ದೆ, ಏನೇನು ಕೆಲಸ, ವಾರಕ್ಕೆ ಎಷ್ಟು ಗಂಟೆ, ಎಷ್ಟು ಸಂಬಳ ಎಂದು ಬರೆದ ಪತ್ರವನ್ನು ಹಳೆಯ ಧಣಿಯಿಂದ ಬಿಡುವ ದಿನವೇ ಪಡೆಯಬೇಕು. ಸಂಬಳದ ಚೀಟಿಗಳನ್ನು ಜೋಪಾನವಾಗಿಡಬೇಕು. ಚೆಕ್‌ರೋಲಿನಲ್ಲಿ ಹಾಜರಿ ಬೀಳದಿದ್ದರೆ ಏನಾಗುತ್ತದೆಂದು ತೋಟದ ಜನರಾದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇಷ್ಟರ ಮೇಲೆ ಒಂದು ಎಚ್ಚರಿಕೆ. ಕೆಲವು ಪ್ರಾಂತಗಳ ಶಿಫಾರಸು ಒಬ್ಬ ಧಣಿಯ ಕೆಲಸದ ಮೇಲೆಯೇ ನಿಂತಿರುತ್ತದೆ. ಅಲ್ಲಿ ಕೆಲಸ ಬಿಟ್ಟರೆ ಶಿಫಾರಸೂ ಬಿದ್ದುಹೋಗಬಹುದು. ಒಂದು ವರ್ಷ ತುಂಬಿದ ಮಾತ್ರಕ್ಕೆ ಪಿ.ಆರ್. ಖಂಡಿತವೂ ಅಲ್ಲ. ಭಾಷಾ ಪರೀಕ್ಷೆಯಿದೆ, ಅಂಕಗಳ ಸಾಲಿದೆ. ಕರೆ ಬಂದ ಮೇಲೆ 60 ದಿನಗಳೊಳಗೆ ಅರ್ಜಿ ಸೇರಬೇಕು. ಆದುದರಿಂದ ಹೆಜ್ಜೆಯಿಡುವ ಮೊದಲು ತನ್ನ ದಾರಿ ಯಾವುದೆಂದು ಮಗ ತಿಳಿದಿರಲಿ.

ಇಲ್ಲಿ ಒಂದು ಮಾತು ಹೇಳದೆ ಇರಲಾರೆ. ಹಣ್ಣು ತರಕಾರಿ ಕೊಯ್ಯುವ ಕೆಲಸವನ್ನು ಆ ಪಟ್ಟಿ ಕಟ್ಟಕಡೆಯ 5ನೆಯ ದರ್ಜೆಗೆ ತಳ್ಳಿದೆ. ಮೆಣಸಿನ ಏಣಿ ಹತ್ತಿ ಬಳ್ಳಿಗೆ ನೋವಾಗದಂತೆ ಗೊನೆ ಬಿಡಿಸುವ ಕೈ, ಮಾಗಿದ ಕಾಫಿ ಹಣ್ಣನ್ನೇ ಆರಿಸಿ ಕೊಯ್ಯುವ ಬೆರಳು, ಇವು ಕುಶಲವಲ್ಲವೆಂದು ಹೇಳಿದವರು ಒಂದು ದಿನ ತೋಟಕ್ಕೆ ಬಂದು ನೋಡಲಿ. ಇದು ಅನ್ಯಾಯವೇ. ಆದರೂ ಇಂದಿನ ನಿಯಮ ಇದು; ನಿಯಮ ತಿಳಿಯದೆ ನಮ್ಮ ಮಕ್ಕಳು ಮೋಸಹೋಗಬಾರದು.

ಧಣಿ ಹೊಡೆದರೆ, ಸಂಬಳ ಹಿಡಿದರೆ, ಪಾಸ್‌ಪೋರ್ಟ್ ಕಸಿದಿಟ್ಟುಕೊಂಡರೆ ಏನು ಮಾಡಬೇಕು? ಒಬ್ಬ ಧಣಿಗೆ ಕಟ್ಟುಬಿದ್ದ ಕೆಲಸಗಾರ ಇಂಥ ಕಿರುಕುಳಕ್ಕೆ ಸಿಕ್ಕಿದರೆ, ಬೇರೆಲ್ಲಿ ಬೇಕಾದರೂ ದುಡಿಯುವ ಪರ್ಮಿಟ್ ಕೇಳುವ ಅವಕಾಶ 2019ರಿಂದ ಇದೆ. ಹೊರದೇಶದವನನ್ನು ಕೆಲಸಕ್ಕೆ ಕರೆಸಲು ಧಣಿ ಸರಕಾರಕ್ಕೆ ಕಟ್ಟುವ 1,000 ಡಾಲರ್ ಶುಲ್ಕವನ್ನು ಕೆಲಸಗಾರನಿಂದ ವಸೂಲು ಮಾಡುವುದೂ ಅಲ್ಲಿ ಕಾನೂನಿಗೆ ವಿರುದ್ಧ. ಆ ಕಾಗದವನ್ನೇ ಲಕ್ಷಗಟ್ಟಲೆಗೆ ಮಾರುವ ದಲ್ಲಾಳಿಗಳಿಂದ ದೂರವಿರಿ.

ಕಡೆಯದಾಗಿ ತಂದೆತಾಯಿಗಳಾದ ನಮ್ಮ ಕರ್ತವ್ಯ. ಸಾಲ ಮಾಡಿ ಮಗಳನ್ನು ಕಳುಹಿಸಿರುತ್ತೇವೆ. ಬಡ್ಡಿಯವನು ಬಾಗಿಲಿಗೆ ಬರುತ್ತಾನೆ. “ಈ ತಿಂಗಳು ಹೆಚ್ಚು ಕಳುಹಿಸು” ಎಂದು ಫೋನು ಮಾಡುತ್ತೇವೆ. ಆ ಒಂದು ಮಾತಿಗೆ ಅವಳು ದರ್ಜೆಯ ಕೆಲಸ ಬಿಟ್ಟು ಹೆಚ್ಚು ಕೂಲಿಯ ಕೆಲಸಕ್ಕೆ ಹೋಗಿ, ವರ್ಷ ತುಂಬಲು ಎರಡೇ ತಿಂಗಳಿರುವಾಗ ದಾರಿ ತಪ್ಪಬಹುದು. ಇಲ್ಲವೇ ನಮ್ಮ ಸಾಲಕ್ಕೆ ಹೆದರಿ ಕೆಟ್ಟ ಧಣಿಯ ಬಾಗಿಲಲ್ಲಿ ಕಣ್ಣೀರು ನುಂಗಿಕೊಂಡು ಕೂರಬಹುದು. ಆದುದರಿಂದ ಮುಂದಿನ ಸಲ ಫೋನು ಮಾಡಿದಾಗ ಹಣ ಎಷ್ಟು ಕಳುಹಿಸುತ್ತೀ ಎನ್ನುವುದಕ್ಕೆ ಮೊದಲು ಮೂರು ಪ್ರಶ್ನೆ ಕೇಳಿ: ನಿನ್ನ ಪರ್ಮಿಟ್ಟಿನಲ್ಲಿ ಯಾರ ಹೆಸರಿದೆ? ನಿನ್ನ ಕೆಲಸ ಯಾವ ದರ್ಜೆಯದು? ಎಷ್ಟು ತಿಂಗಳು ತುಂಬಿತು? ಈ ಮೂರಕ್ಕೆ ಉತ್ತರ ಗೊತ್ತಿರುವ ಮಗ ಮಗಳನ್ನು ಯಾವ ಧಣಿಯೂ ಸುಳ್ಳು ಹೇಳಿ ಹೆದರಿಸಲಾರನು.